ಎಮ್ಮೆ ಬಿದ್ದ ಬಾವಿಗಳು

ಮುಗಳಕುಂಟ, ಚಿಂಚೋಳಿ ತಾಲೂಕು
೧೮ ಮೇ ೧೯೪೭

ಚಿರಂಜೀವಿ ತಮ್ಮ ರೇವಣಪ್ಪನಿಗೆ ಅಕ್ಕ ಸೂಗಮ್ಮನ ಆಶೀರ್ವಾದಗಳು.

ನೀನು ನಮ್ಮೂರ ಬಾವಿ ಕೆಲಸ ಮುಗಿಸಿ ಹೈದರಾಬಾದಿಗೆ ಹೋಗಿ ಎಂಟು ದಿನವಾಯಿತು. ಎಂಟೂ ದಿನ ಬೈಸಿಕೊಂಡವಳು ನಾನು. ಇಂಜಿನಿಯರ್ ತಮ್ಮ ಬಂದು ಊರಿಗೆ ಒಳ್ಳೆಯದು ಮಾಡಿದ ಎಂದು ನಾಲ್ಕು ಹೊಗಳಿಕೆ ಕೇಳೋಣವೆಂದು ಕೊಡ ಹಿಡಿದು ಹೋದರೆ, ಹೆಂಗಸರೆಲ್ಲ ಒಟ್ಟಿಗೆ ಮೇಲೆ ಬಿದ್ದರು. "ನಿಮ್ಮ ತಮ್ಮಗ ನಮ್ಮ ಮೆಟ್ಟಲ ಏನ್ ಮಾಡಿದ್ವು? ಕುಂತು ಎರಡ ಮಾತಾಡ್ಲಿಕ್ಕೂ ಜಾಗಾ ಇಲ್ದಂಗ ಮಾಡ್ಯಾನ" ಎಂದರು. ಅದರಲ್ಲಿ ಸುಳ್ಳೇನಿದೆ? ಊರಿನ ಸುದ್ದಿಯೆಲ್ಲ ಆ ಮೆಟ್ಟಿಲುಗಳ ಮೇಲೆಯೇ ಹುಟ್ಟುತ್ತಿತ್ತು. ಈಗ ಮೆಟ್ಟಿಲೆಲ್ಲ ಮುಚ್ಚಿಹೋಗಿ ಸುತ್ತಲೂ ಸೊಂಟದೆತ್ತರ ಶಹಾಬಾದಿ ಕಲ್ಲಿನ ಕಟ್ಟೆ, ಮೇಲೆ ರಾಟೆ. ಹಗ್ಗ ಎಳೆದೆಳೆದು ನನ್ನ ಅಂಗೈ ಉರಿಯುತ್ತಿದೆ. ಈ ಕಾಗದದ ಅಕ್ಷರ ಸೊಟ್ಟಗಿದ್ದರೆ ಅದು ನಿನ್ನದೇ ತಪ್ಪು.

ಗೌಂಡಿ ಅಬ್ದುಲ್ ಮಜೀದನೂ ಸ್ವಲ್ಪ ಮುನಿಸಿಕೊಂಡಿದ್ದಾನೆ. ಬಾವಿಯ ಒಂದೊಂದು ಕಲ್ಲನ್ನೂ ಕೂಡಿಸಿದವನು ಅವನು. ಒಳಗೋಡೆಯಲ್ಲಿ ಇಳಿದು ಹತ್ತಲು ಅವನು ಬಿಟ್ಟಿದ್ದ ಹೆಜ್ಜೆಗಲ್ಲುಗಳನ್ನು ನೀನು ಒಡೆಸಿಬಿಟ್ಟೆಯಲ್ಲ, ಅದು ಅವನ ಮನಸ್ಸಿಗೆ ಹತ್ತಿದೆ. ನಿನ್ನೆ ನಮ್ಮ ಜಗಲಿಯ ಮೇಲೆ ಚಹಾ ಕುಡಿಯುತ್ತ ನಮ್ಮ ಮನೆಯವರ, ಅಂದರೆ ನಿನ್ನ ಮಾಮಾನ, ಮುಂದೆ ಹೇಳಿದ: "ಗೌಡ್ರ, ರೇವಣಪ್ಪ ಸಾಬ್ ಭಾಳ ಓದ್ಯಾರ, ಖರೆ. ನಾಳಿ ಒಂದ್ ಕೂಸು ಬಿತ್ತು ಅಂದ್ರ ಹ್ಯಾಂಗ ಇಳೀಬೇಕು, ಹ್ಯಾಂಗ ಹತ್ತಬೇಕು?" ನಿನ್ನ ಮಾಮಾ ನಕ್ಕು, "ನೀ ಅದೀ ಅಲ್ಲಪಾ, ಹಗ್ಗ ಕಟ್ಟಿ ನಿನ್ನೇ ಇಳಸ್ತೀವಿ" ಎಂದರು. ಅವನ ಹೆಂಡತಿ ತಾಜುನ್ನಿಸಾ ಮಾತ್ರ ನಿನ್ನ ಪಕ್ಷ. ಹೋದ ವರ್ಷ ಅವಳ ಮೀನಖಂಡದಿಂದ ಹೊರಟ ನಾರುಹುಳವನ್ನು ಕಡ್ಡಿಗೆ ಸುತ್ತುತ್ತ ಸುತ್ತುತ್ತ ಮೂರು ವಾರ ನರಳಿದ್ದಳು. "ಹುಳ ಬರೋದು ನಿಂತ್ರ ಸಾಕ್ರಿ ಅಕ್ಕಾ, ಮೆಟ್ಟಲ ಹಾಳಾಗಿ ಹೋಗ್ಲಿ" ಅಂದಳು.

ಊಟ ಹೊತ್ತಿಗೆ ಸರಿಯಾಗಿ ಮಾಡು. ಒಂದು ಹೆಣ್ಣು ನೋಡಿದ್ದೇವೆ, ಅದರ ಮಾತು ಮುಂದೆ.

ನಿನ್ನ ಅಕ್ಕ
ಸೂಗಮ್ಮ

ಹೈದರಾಬಾದ
೯ ಜೂನ್ ೧೯೪೭

ಅಕ್ಕನಿಗೆ ರೇವಣಪ್ಪನ ಶರಣು ಶರಣಾರ್ಥಿ.

ನಿನ್ನ ಬೈಗುಳದ ಕಾಗದ ಮುಟ್ಟಿತು. ಬೈಯುವವರೆಲ್ಲರ ಹೆಸರು ಬರೆದಿಡು. ಬರುವ ವರ್ಷ ಅವರ ಕಾಲು ನೋಡಿ ಮಾತಾಡೋಣ. ಹುಣ್ಣಿದ್ದ ಕಾಲು ನೀರಿಗೆ ಇಳಿದರೆ ಹುಳ ಅಲ್ಲೇ ಮರಿ ಬಿಡುತ್ತದೆ. ಆ ನೀರು ಕುಡಿದವರ ಕಾಲಿನಿಂದ ಮರುವರ್ಷ ಮತ್ತೆ ಹೊರಬರುತ್ತದೆ. ಕಾಲು ನೀರಿಗೆ ತಾಕದಿದ್ದರೆ ಹುಳದ ವಂಶವೇ ಮುಗಿಯಿತು. ಇಷ್ಟೇ ನನ್ನ ವಿದ್ಯೆ. ಇದಕ್ಕೆ ಔಷಧ ಬೇಡ, ಮಂತ್ರ ಬೇಡ, ಮೆಟ್ಟಿಲು ಇರಬಾರದು.

ಮಜೀದನಿಗೆ ತಿಳಿಸಿ ಹೇಳು. ಹೆಜ್ಜೆಗಲ್ಲು ಬಿಟ್ಟರೆ ಹುಡುಗರು ಇಳಿಯುತ್ತಾರೆ, ಕೊಡ ಬಿತ್ತೆಂದು ದೊಡ್ಡವರೂ ಇಳಿಯುತ್ತಾರೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅವನು ಎದುರಿಗೆ ನಿಂತು "ಆರೇ ಆರು ಕಲ್ಲು ಬಿಡ್ರಿ ಸಾಬ್" ಎಂದು ಕೇಳಿದಾಗ ನಾನು ದನಿ ಏರಿಸಿದ್ದು ಸರಿಯಲ್ಲ. ಆದರೆ ಕೆಲಸ ಸರಿ. ಅವನಂಥ ಕೈ ಈ ಸೀಮೆಯಲ್ಲಿ ಇನ್ನೊಂದಿಲ್ಲ. ನಾನು ನಕ್ಷೆಯಲ್ಲಿ ಗೆರೆ ಎಳೆಯುತ್ತೇನೆ, ಅವನು ಅದನ್ನು ಕಲ್ಲಿನಲ್ಲಿ ಎಳೆಯುತ್ತಾನೆ.

ಇಲ್ಲಿ ಕಚೇರಿಯಲ್ಲಿ ದಿನವೂ ಒಂದೇ ಮಾತು. ಇಂಗ್ರೇಜರು ಹೋಗುತ್ತಾರೆ, ನಮ್ಮ ರಾಜ್ಯ ಯಾರ ಕಡೆ ನಿಲ್ಲುತ್ತದೆ? ನನಗೆ ಬೇರೆಯದೇ ಚಿಂತೆ. ಆಳುವವರು ಯಾರೇ ಬರಲಿ, ಮೊದಲನೇ ದಿನ ಅವರಿಗೆ ಬೇಕಾಗುವುದು ಯಾವ ಊರಲ್ಲಿ ಎಷ್ಟು ನೀರಿದೆ ಎಂಬ ಪಟ್ಟಿ. ಆ ಪಟ್ಟಿ ನನ್ನ ಹತ್ತಿರ ಇರುತ್ತದೆ. ದೇಶ ಕಟ್ಟುವುದು ಹಾಗೆಯೇ ಎಂದು ನಾನು ನಂಬಿದ್ದೇನೆ, ನಗಬೇಡ.

ಹೆಣ್ಣಿನ ಮಾತು ಬೇಡವೇ ಬೇಡ.

ನಿನ್ನ ತಮ್ಮ
ರೇವಣಪ್ಪ

ಮುಗಳಕುಂಟ
೨೭ ಏಪ್ರಿಲ್ ೧೯೪೮

ಚಿ. ರೇವಣಪ್ಪನಿಗೆ ಆಶೀರ್ವಾದ.

ಮೊದಲು ನಿನ್ನ ಗೆಲುವಿನ ಸುದ್ದಿ. ಬೇಸಿಗೆ ಬಂತು, ಊರಲ್ಲಿ ಒಬ್ಬರ ಕಾಲಿನಲ್ಲೂ ಹುಳ ಇಲ್ಲ. ಹೋದ ವರ್ಷ ಹತ್ತೊಂಬತ್ತು ಮಂದಿ ಮಲಗಿದ್ದರು. ಈಗ ಬೈದವರೆಲ್ಲ ರಾಟೆಗೆ ಅರಿಶಿಣ ಹಚ್ಚುತ್ತಾರೆ. ನಾನು ಸುಮ್ಮನೆ ಮೂಗು ಮೇಲೆ ಮಾಡಿಕೊಂಡು ನೀರು ಸೇದಿಕೊಂಡು ಬರುತ್ತೇನೆ.

ಇನ್ನೊಂದು ಸುದ್ದಿ ಚೆನ್ನಾಗಿಲ್ಲ. ರಜಾಕಾರರು ಎರಡು ಸಲ ಊರಿಗೆ ಬಂದರು. ಮೊದಲ ಸಲ ಜೋಳದ ಕಣಜ ಬರಿದು ಮಾಡಿದರು. ಎರಡನೇ ಸಲ ಪಟೇಲ ಎಲ್ಲಿ ಎಂದು ನಿನ್ನ ಮಾಮಾನನ್ನು ಹುಡುಕಿದರು, ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ. ನಿನ್ನ ಮಾಮಾ ಮಜೀದನ ಅಟ್ಟದ ಮೇಲೆ ಇದ್ದರು. ಒಂಬತ್ತು ದಿನ ಅಲ್ಲೇ ಇದ್ದರು. ಮಜೀದ ಬಾಗಿಲಲ್ಲಿ ಕುಳಿತು ಕಲ್ಲು ಕೆತ್ತುತ್ತ, "ಈ ಮನ್ಯಾಗ ನಾ, ನನ್ನ ಹೇಣ್ತಿ, ಎರಡ ಆಡು. ನೋಡ್ರಿ ಬೇಕಾದ್ರ" ಎಂದನಂತೆ. ರಜಾಕಾರರು ಅವನ ಗಡ್ಡ ನೋಡಿ ಹೊರಟುಹೋದರು. ತಾಜುನ್ನಿಸಾ ದಿನಾ ನಮ್ಮ ಮನೆಯಿಂದ ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದಳು. ಅವರ ಮನೆಯ ಅಡಿಗೆ ಉಂಡರೆ ನಿನ್ನ ಮಾಮಾನ ಲಿಂಗಕ್ಕೆ ಮೈಲಿಗೆ ಎಂದು ಅವಳೇ ಯೋಚಿಸಿದ್ದಳು, ನಾನು ಹೇಳಿರಲಿಲ್ಲ.

ನೀನು ಶಹರದಲ್ಲಿ ಹುಷಾರಾಗಿರು. ಆ ಪಟ್ಟಿ ಹಿಡಿದುಕೊಂಡು ಎಲ್ಲರ ಮುಂದೆ ಮಾತಾಡಬೇಡ.

ನಿನ್ನ ಅಕ್ಕ
ಸೂಗಮ್ಮ

ಹೈದರಾಬಾದ
೧೨ ಅಕ್ಟೋಬರ್ ೧೯೪೮

ಅಕ್ಕನಿಗೆ ಶರಣಾರ್ಥಿ.

ಇದು ಮೂರನೇ ಕಾಗದ. ಹಿಂದಿನ ಎರಡಕ್ಕೆ ಉತ್ತರವಿಲ್ಲ. ಟಪಾಲು ಕೆಟ್ಟಿತ್ತು ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಹಿಂದುಸ್ತಾನದ ಫೌಜು ಬಂದು, ನಿಜಾಮರು ಸೋತು, ಐದೇ ದಿನದಲ್ಲಿ ಎಲ್ಲ ಮುಗಿಯಿತು. ಇಲ್ಲಿ ಈಗ ಮಿಲಿಟರಿ ಸರಕಾರ. ನಮ್ಮ ಹಳೇ ಸಾಹೇಬರನ್ನು ಮನೆಗೆ ಕಳಿಸಿದರು. ಹೋಗುವಾಗ ಅವರು ತಮ್ಮ ಲೆವೆಲ್ ಯಂತ್ರವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈ ನನ್ನ ಕೈಯಲ್ಲಿಟ್ಟರು. ಅವರ ಮೇಜು ನನಗೆ ಬಂತು. ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಮದ್ರಾಸ್ ಕಡೆಯಿಂದ ಹೊಸ ಸಾಹೇಬರು ಬಂದಿದ್ದಾರೆ. ಚುರುಕು ಮನುಷ್ಯ. ಎಲ್ಲರನ್ನೂ ಕರೆದು ಹೇಳಿದರು: ಭಾಷಣ ಮಾಡುವವರು ಬೇಕಾದಷ್ಟಿದ್ದಾರೆ, ಈಗ ದೇಶ ನಿಲ್ಲಬೇಕಾದದ್ದು ನಿಮ್ಮಂಥವರ ಮೇಲೆ. ನನಗೆ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ತಾಲೂಕಿನ ಕುಡಿಯುವ ನೀರಿನ ಬಾವಿಗಳ ಪಟ್ಟಿ ಮಾಡುವ ಕೆಲಸ. ನಂಬರು, ಆಳ, ನೀರು, ಬಳಕೆಗೆ ಯೋಗ್ಯವೋ ಅಲ್ಲವೋ, ಕೊನೆಗೆ ಷರಾ. ಇದರ ಮೇಲೆಯೇ ಮುಂದಿನ ಯೋಜನೆ. ಹೋದ ವರ್ಷ ನಾನು ಹೇಳಿದ್ದು ನಿಜವಾಯಿತಲ್ಲ ಅಕ್ಕ!

ಮಜೀದನಿಗೆ ಹೇಳಿಡು. ಹೊಸದಾಗಿ ನೂರು ಬಾವಿ ಕಟ್ಟಿಸುವುದಿದೆ, ಅವನಿಲ್ಲದೆ ಆಗುವುದಿಲ್ಲ. ಈ ಸಲ ಅವನ ಮಾತನ್ನೂ ಕೇಳುತ್ತೇನೆ.

ನಿನ್ನ ತಮ್ಮ
ರೇವಣಪ್ಪ

ಮುಗಳಕುಂಟ
೨೪ ಅಕ್ಟೋಬರ್ ೧೯೪೮

ಚಿ. ರೇವಣಪ್ಪನಿಗೆ ಆಶೀರ್ವಾದ.

ನಾವು ಕ್ಷೇಮ. ನಿನ್ನ ಮಾಮಾನಿಗೆ ಪಟೇಲಕಿ ಮುಂದುವರಿದಿದೆ. ಮಗಳು ವಿಮಲಾಳಿಗೆ ನಾಲವಾರದ ಒಂದು ಮನೆತನದವರು ಕೇಳುತ್ತಿದ್ದಾರೆ.

ಬಾವಿ ನೀರು ಈಗ ತರುತ್ತಿಲ್ಲ. ಎಲ್ಲರೂ ಹೊಳೆಗೆ ಹೋಗುತ್ತೇವೆ. ಮಜೀದ ಊರಲ್ಲಿ ಇಲ್ಲ. ಅವರ ಮಂದಿ ಊರು ಬಿಟ್ಟು ಹೋದರೆಂದು ನಿನ್ನ ಮಾಮಾ ದಫ್ತರದಲ್ಲಿ ಬರೆದಿದ್ದಾರೆ.

ಇತ್ತ ಕಡೆ ಈಗಲೇ ಬರಬೇಡ. ದಾರಿ ಚೆನ್ನಾಗಿಲ್ಲ.

ಸೂಗಮ್ಮ

ವಾಡಿ
೧೩ ನವೆಂಬರ್ ೧೯೪೮

ಅಕ್ಕನಿಗೆ ಶರಣಾರ್ಥಿ.

ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ಅದರಲ್ಲಿ ಒಂದು ಬೈಗುಳವೂ ಇರಲಿಲ್ಲ. ಅದು ನೀನು ಬರೆದದ್ದೇ ಅಲ್ಲ ಎನ್ನಿಸಿತು.

ಇಪ್ಪತ್ತು ದಿನದಿಂದ ತಿರುಗುತ್ತಿದ್ದೇನೆ. ವಾಡಿಯ ಮುಸಾಫಿರಖಾನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಸೇಡಂ ಕಡೆಯ ಮೊದಲ ಊರಲ್ಲಿ ಬಾವಿಯ ಬಾಯಿಯ ಮೇಲೆ ಮಣ್ಣು, ಕಲ್ಲು, ಮುಳ್ಳುಕಂಟಿ ಹಾಕಿದ್ದರು. ಏಕೆ ಎಂದು ಕೇಳಿದೆ. ಪಟೇಲ ಕೈ ಮುಗಿದು, "ಎಮ್ಮಿ ಬಿದ್ದು ಸತ್ತಾದ್ರಿ ಸಾಬ್, ನೀರು ನಾತ ಹೊಡೀಲಿಕತ್ತದ" ಎಂದ. ಷರಾದಲ್ಲಿ "ಎಮ್ಮೆ ಬಿದ್ದಿದೆ" ಎಂದು ಬರೆದೆ. ಎರಡನೇ ಊರಲ್ಲೂ ಎಮ್ಮೆ. ಚಿತ್ತಾಪುರ ತಾಲೂಕಿಗೆ ಬಂದರೆ ಅಲ್ಲಿಯೂ ಎಮ್ಮೆ. ಇವತ್ತಿಗೆ ಹನ್ನೊಂದು ಬಾವಿ, ಹನ್ನೊಂದು ಎಮ್ಮೆ. ಒಂದು ಕಡೆ ತಡೆಯಲಾರದೆ ಕೇಳಿದೆ, ಎಮ್ಮೆ ಯಾರದು? ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ಊರಲ್ಲಿ ಎಮ್ಮೆ ಕಳೆದುಕೊಂಡವನು ಒಬ್ಬನೂ ಸಿಕ್ಕಲಿಲ್ಲ.

ಆದರೂ ಹನ್ನೊಂದು ಸಲವೂ ನಾನು ಎಮ್ಮೆ ಎಂದೇ ಬರೆದೆ. ನನ್ನ ಕೆಲಸ ನೀರು ಯೋಗ್ಯವೇ ಎಂದು ಹೇಳುವುದು, ಉಳಿದದ್ದು ಪೊಲೀಸರ ಕೆಲಸ ಎಂದುಕೊಂಡೆ. ಆ ಮಾತನ್ನು ನಾನೇ ನಂಬುತ್ತಿಲ್ಲ. ಊಟದ ಮುಂದೆ ಕುಳಿತರೆ ಲೋಟದ ನೀರು ಕುಡಿಯಲಾಗುವುದಿಲ್ಲ.

ಮುಂದಿನ ತಿಂಗಳು ಮುಗಳಕುಂಟಕ್ಕೆ ಬರಬೇಕು. ನಂಬರು ಮೂವತ್ತೊಂದು, ನಾನೇ ಕಟ್ಟಿಸಿದ್ದು. ನೀನು ಒಂದೇ ಮಾತು ಹೇಳು ಅಕ್ಕ. ನಿಮ್ಮೂರ ಬಾವಿಯಲ್ಲೂ ಎಮ್ಮೆ ಬಿದ್ದಿದೆಯೇ?

ನಿನ್ನ ತಮ್ಮ
ರೇವಣಪ್ಪ

ಮುಗಳಕುಂಟ
೨೨ ನವೆಂಬರ್ ೧೯೪೮

ತಮ್ಮಾ,

ಎಮ್ಮೆ ಬಿದ್ದಿಲ್ಲ.

ಫೌಜು ಬಂದು ಹೋದ ಮೇಲೆ ಸೆಪ್ಟೆಂಬರ್ ಇಪ್ಪತ್ತೊಂದು, ಮಂಗಳವಾರ. ಹೊರಗಿನಿಂದ ಒಂದು ಗುಂಪು ಬಂತು. ಹೊರಗಿನವರು ಎಂದು ಊರೆಲ್ಲ ಹೇಳುತ್ತದೆ. ಅವರಿಗೆ ಮನೆ ತೋರಿಸಿದವರು ಹೊರಗಿನವರಲ್ಲ. ತಾಜುನ್ನಿಸಾ ತಂಗಿಯ ಬಾಣಂತನಕ್ಕೆ ಶಹಾಬಾದಿಗೆ ಹೋಗಿದ್ದಳು, ಅದಕ್ಕೇ ಉಳಿದಳು. ಮಜೀದ ನಮ್ಮ ಹಿತ್ತಲಿಗೆ ಓಡಿ ಬಂದು ಬಾಗಿಲು ಬಡಿದ. "ಅಕ್ಕಾ, ನಾ ಮಜೀದ. ಅಕ್ಕಾ, ಬಾಗಲ ತಗೀರಿ." ನಿನ್ನ ಮಾಮಾನ ಹೆಸರು ಕರೆಯಲಿಲ್ಲ, ನನ್ನನ್ನು ಕರೆದ. ನಾನು ಎದ್ದೆ. ನಿನ್ನ ಮಾಮಾ ಅಗಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರು. ಒಂಬತ್ತು ದಿನ ಅವನ ಅಟ್ಟದಲ್ಲಿ ಮಲಗಿದ ಬೆನ್ನು ಅದು. ಬಾಯಿಯ ಮೇಲೆ ಕೈ ಇಟ್ಟುಕೊಂಡು ಅಳುತ್ತಿದ್ದರು, ಆದರೆ ಏಳಲಿಲ್ಲ.

ನಾನು ಅವರನ್ನು ಸರಿಸಲಿಲ್ಲ. ನನ್ನ ಮೈಯಲ್ಲಿ ಅವರಿಗಿಂತ ಕಡಿಮೆ ಶಕ್ತಿ ಇಲ್ಲ, ನಿನಗೇ ಗೊತ್ತು. ಅವನು ಆರು ಸಲ ಬಡಿದ. ಆಮೇಲೆ ಬಡಿಯುವುದು ನಿಂತಿತು.

ಒಂಬತ್ತು ಮಂದಿಯನ್ನು ಬಾವಿಗೆ ಹಾಕಿದರು. ಉಳಿದವರ ದನಿ ಬೇಗ ನಿಂತಿತು. ಮಜೀದ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೂ ಇದ್ದ. ನೀರು ಅವನ ಎದೆಮಟ್ಟ ಇತ್ತಂತೆ. ಕಟ್ಟೆಯ ಹತ್ತಿರ ನಿಂತವರು ಹೇಳಿದ್ದು: ಅವನು ಗೋಡೆಯ ಸುತ್ತ ಕೈಯಾಡಿಸುತ್ತಿದ್ದ. ಹೆಜ್ಜೆಗಲ್ಲು ಎಲ್ಲೆಲ್ಲಿ ಕೂಡಿಸಿದ್ದನೆಂದು ಅವನಿಗೆ ನೆನಪಿತ್ತು. ಒಡೆದ ಜಾಗವನ್ನು ಮುಟ್ಟಿ ಮುಟ್ಟಿ ಮುಂದಕ್ಕೆ ಹೋಗುತ್ತಿದ್ದ. ನಿನ್ನನ್ನು ಬೈದನೋ ಎಂದು ಕೇಳಿದೆ. ಇಲ್ಲವಂತೆ.

ಮರುದಿನ ನಿನ್ನ ಮಾಮಾನೇ ಮಣ್ಣು ಹಾಕಿಸಿದರು. ಎಮ್ಮೆ ಎಂದು ಬರೆಯುವಂತೆ ನಿನಗೆ ತಿಳಿಸು ಎನ್ನುತ್ತಿದ್ದಾರೆ. ಅವರು ಹೇಳಿದ್ದನ್ನು ತಿಳಿಸಿದ್ದೇನೆ. ನಾನು ಏನನ್ನೂ ಕೇಳುವುದಿಲ್ಲ. ಕೇಳುವ ಮುಖ ನನಗೆ ಉಳಿದಿಲ್ಲ.

ಸೂಗಮ್ಮ

ಮುಗಳಕುಂಟ
೨೭ ನವೆಂಬರ್ ೧೯೪೮

ಶ್ರೀ ರೇವಣಪ್ಪನವರಿಗೆ ಅಂಬಾರಾಯ ಪಟೇಲ ತಿಳಿಸುವುದೇನೆಂದರೆ,

ನಿಮ್ಮ ಅಕ್ಕ ನಿಮಗೆ ಏನೇನು ಬರೆದಿದ್ದಾಳೆಂದು ನನಗೆ ಗೊತ್ತಾಗಿದೆ. ಆ ದಿನ ಬಾಗಿಲು ತೆಗೆದಿದ್ದರೆ ಬಾವಿಯಲ್ಲಿ ನಾನಿರುತ್ತಿದ್ದೆ, ನಿಮ್ಮ ಅಕ್ಕನೂ ವಿಮಲಾಳೂ ಇರುತ್ತಿದ್ದರು. ಬೇರೆಯವರ ಬಾಗಿಲ ಬಗ್ಗೆ ಹೈದರಾಬಾದಿನಲ್ಲಿ ಕುಳಿತು ಮಾತಾಡುವುದು ಸುಲಭ.

ಬಾವಿಯಲ್ಲಿ ಎಮ್ಮೆ ಬಿದ್ದಿದೆ. ಮಂದಿ ಊರು ಬಿಟ್ಟು ಹೋಗಿದ್ದಾರೆ. ಊರಿನ ಹದಿನಾರು ಜನರ ಸಹಿ ನನ್ನ ದಫ್ತರದಲ್ಲಿದೆ. ನೀವು ಬೇರೆ ಬರೆದರೆ ನನ್ನ ಪಟೇಲಕಿ ಹೋಗುತ್ತದೆ, ನಾನು ಜೇಲಿಗೆ ಹೋಗುತ್ತೇನೆ, ವಿಮಲಾಳ ಲಗ್ನ ಮುರಿಯುತ್ತದೆ. ಎಲ್ಲವನ್ನೂ ಬರೆಯುವುದೇ ಆದರೆ ಹೆಜ್ಜೆಗಲ್ಲು ಒಡೆಸಿದವರು ಯಾರೆಂಬುದನ್ನೂ ಬರೆಯಬೇಕಾಗುತ್ತದೆ. ಮಜೀದ ನನ್ನ ಜಗಲಿಯ ಮೇಲೆ ಕುಳಿತು ಹೇಳಿದ ಮಾತು ನನಗೆ ಮರೆತಿಲ್ಲ.

ಬಂದರೆ ಊಟಕ್ಕೆ ನಮ್ಮಲ್ಲೇ ಬನ್ನಿ. ಮನೆ ನಿಮ್ಮದೇ.

ಅಂಬಾರಾಯ

ಶಹಾಬಾದ
೧೧ ಡಿಸೆಂಬರ್ ೧೯೪೮

ಅಕ್ಕನಿಗೆ ಶರಣಾರ್ಥಿ.

ನಾಲ್ಕು ದಿನದ ಹಿಂದೆ ನಿಮ್ಮೂರ ಬಾವಿಯ ಮುಂದೆ ನಿಂತೆ. ಮಾಮಾ ಪಕ್ಕದಲ್ಲಿದ್ದರು, ಹದಿನಾರು ಜನವೂ ಇದ್ದರು. ಕಟ್ಟೆಯ ಕಲ್ಲುಗಳು ಎಷ್ಟು ನೇರವಾಗಿ ಕೂತಿದ್ದವೆಂದರೆ ಸಂದಿನಲ್ಲಿ ಉಗುರು ಹೋಗುವಂತಿರಲಿಲ್ಲ. ನಾನು ಪುಸ್ತಕ ತೆಗೆದು "ಎಮ್ಮೆ" ಎಂದು ಬರೆದೆ. ನಿಮ್ಮ ಮನೆಯಲ್ಲಿ ಉಂಡೆ. ನೀನು ರೊಟ್ಟಿ ಹಾಕಿದೆ, ಪುಂಡಿಪಲ್ಯ ಹಾಕಿದೆ, ಏನು ಬರೆದೆ ಎಂದು ಕೇಳಲಿಲ್ಲ. ನೀನು ಕೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಇಲ್ಲಿಗೆ ಬಂದು ತಾಜುನ್ನಿಸಾಳನ್ನು ಹುಡುಕಿದೆ. ಕಲ್ಲಿನ ಗಣಿಯಲ್ಲಿ ಬುಟ್ಟಿ ಹೊರುತ್ತಾಳೆ, ಗಣಿಯ ಅಂಚಿನಲ್ಲೇ ಗುಡಿಸಲು. ಕೈತುಂಬ ಹಸಿರು ಬಳೆ. ನನ್ನನ್ನು ನೋಡಿ ಬುಟ್ಟಿ ಇಳಿಸಿ ಬಂದಳು. "ಅಂವ ಕರಾಚಿಗಿ ಹೋಗ್ಯಾನಂತ ಅಂತಾರ್ರಿ ಭಾಯಿ. ಪಟೇಲ್ರ ದಫ್ತರದಾಗ ಊರ ಬಿಟ್ಟಾನಂತ ಬರದಾರಂತ. ಹಂಗಿದ್ರ ನಾ ಅವನ ಹೇಣ್ತಿ. ಸತ್ತಿದ್ರ ನಾಕು ತಿಂಗಳ ಹತ್ತ ದಿನ ಮನಿ ಬಿಟ್ಟು ಹೊರಗ ಬರದ ಇದ್ದತ್ ಕೂಡ್ರಬೇಕು ನಾ. ಮಂದಿ ಎರಡೂ ಮಾತ ಹೇಳ್ತಾರ. ಮೌಲ್ವಿ ಸಾಬ್ ಸಾಕ್ಷಿ ಕೇಳ್ತಾರ, ಯಾರೂ ಹೇಳಾಂಗಿಲ್ಲ. ನೀವು ಸರ್ಕಾರದವರು. ಬಾವಿ ನೋಡೀರಿ. ನೀವರ ಹೇಳ್ರಿ, ಈ ಬಳಿ ತೆಗೀಲೋ ಬ್ಯಾಡೋ?"

ನೋಡಿ ಹೇಳುತ್ತೇನೆ ಎಂದು ಹೇಡಿಯಂತೆ ಎದ್ದು ಬಂದೆ.

ನಮ್ಮ ಕಸುಬಿನಲ್ಲಿ ಒಂದು ನೇಮವಿದೆ. ಜಾಗದ ಮೇಲೆ ನಿಂತು ಬರೆಯುವ ಪುಸ್ತಕದಲ್ಲಿ ಅಳಿಸುವಂತಿಲ್ಲ, ರಬ್ಬರು ಜೊತೆಗಿಟ್ಟುಕೊಳ್ಳುವಂತೆಯೇ ಇಲ್ಲ. ತಪ್ಪು ಬರೆದರೆ ಅದು ಕಾಣುವ ಹಾಗೆ ಒಂದೇ ಗೆರೆ ಎಳೆಯಬೇಕು, ಸರಿಯಾದದ್ದನ್ನು ಮೇಲೆ ಬರೆದು ಸಹಿ ಹಾಕಬೇಕು. ತಪ್ಪೂ ಉಳಿಯಬೇಕು, ತಿದ್ದಿದ್ದೂ ಉಳಿಯಬೇಕು. ಹಳೇ ಸಾಹೇಬರು ಮೊದಲ ದಿನ ಕಲಿಸಿದ ಪಾಠ ಇದು.

ಇವತ್ತು ಬೆಳಿಗ್ಗೆ ಎಮ್ಮೆಯ ಮೇಲೆ ಗೆರೆ ಎಳೆದೆ. ಕಚೇರಿಯ ಉರ್ದುವಿನಲ್ಲಿ ಬರೆದದ್ದನ್ನು ನಿನಗಾಗಿ ಕನ್ನಡದಲ್ಲಿ ಹೇಳುತ್ತೇನೆ: "ನಂಬರು ಮೂವತ್ತೊಂದು, ಮುಗಳಕುಂಟ. ನೀರು ಬಳಸುವಂತಿಲ್ಲ. ೧೯೪೮ರ ಸೆಪ್ಟೆಂಬರ್ ೨೧ರಂದು ಒಂಬತ್ತು ಜನರನ್ನು ಇದರಲ್ಲಿ ಹಾಕಿ ಕೊಲ್ಲಲಾಗಿದೆ. ಅವರಲ್ಲಿ ಒಬ್ಬರು ಈ ಬಾವಿಯನ್ನು ಕಟ್ಟಿದ ಗೌಂಡಿ ಅಬ್ದುಲ್ ಮಜೀದ. ಅವರು ಹತ್ತಿ ಬರಲು ಹೆಜ್ಜೆಗಲ್ಲುಗಳಿರಲಿಲ್ಲ. ಅವುಗಳನ್ನು ಒಡೆಸಿದವನು ನಾನು." ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

ಮಾಮಾನಿಗೆ ಏನಾಗುತ್ತದೋ, ವಿಮಲಾಳಿಗೆ ಏನಾಗುತ್ತದೋ ಗೊತ್ತಿಲ್ಲ. ಆ ಮಗುವನ್ನು ಹೆಗಲ ಮೇಲೆ ಹೊತ್ತವನು ನಾನು. ನನ್ನನ್ನು ಕ್ಷಮಿಸು ಎನ್ನಲೂ ಭಯವಾಗುತ್ತದೆ. ಉಳಿದ ಹನ್ನೊಂದು ಊರಿಗೆ ಮತ್ತೆ ಹೋಗಿ ಕೇಳಬೇಕು.

ನಿನ್ನ ತಮ್ಮ
ರೇವಣಪ್ಪ

ಹೈದರಾಬಾದ
೨೦ ಡಿಸೆಂಬರ್ ೧೯೪೮

ಅಕ್ಕನಿಗೆ ಶರಣಾರ್ಥಿ.

ಹನ್ನೊಂದು ಊರಿಗೆ ಹೋಗಲಾಗಲಿಲ್ಲ. ತಂತಿ ಕೊಟ್ಟು ಕರೆಸಿಕೊಂಡರು.

ಹೊಸ ಸಾಹೇಬರು ಪುಸ್ತಕ ಓದಿದರು. ಬೈಯಲಿಲ್ಲ. ಪುಸ್ತಕ ಮುಚ್ಚಿ, ನೀವು ಒಳ್ಳೆ ಇಂಜಿನಿಯರು, ಇದು ಇಂಜಿನಿಯರ ಕೆಲಸವಲ್ಲ ಎಂದರು. ದೆಹಲಿಗೆ ಹೋಗುವ ಶುದ್ಧಪ್ರತಿಯಲ್ಲಿ ಎಲ್ಲ ಹನ್ನೆರಡು ಬಾವಿಗಳ ಮುಂದೆಯೂ "ಅಯೋಗ್ಯ" ಎಂಬ ಒಂದೇ ಮಾತು. ಎಮ್ಮೆಯೂ ಇಲ್ಲ, ಮನುಷ್ಯರೂ ಇಲ್ಲ. ಹನ್ನೆರಡು ಹೊಸ ಬಾವಿ ಮಂಜೂರಾಗಿವೆ. ಪುಸ್ತಕ ಕಪಾಟಿಗೆ ಹೋಯಿತು, ನನ್ನನ್ನು ದಾಖಲೆಯ ಕೋಣೆಗೆ ಹಾಕಿದರು. ಹನ್ನೊಂದು ಎಮ್ಮೆಗಳು ಹಾಗೆಯೇ ಉಳಿದವು. ಅವು ನನ್ನ ಕೈಬರಹದಲ್ಲಿವೆ ಅಕ್ಕ, ಎಷ್ಟು ಕಾಲ ಬದುಕಿದರೂ ಇರುತ್ತವೆ.

ಮೂವತ್ತೊಂದನೇ ನಂಬರಿನ ಪುಟದ ನಕಲನ್ನು ಮಾತ್ರ ಶಹಾಬಾದ ಬಿಡುವ ಮೊದಲೇ ಮಾಡಿ ಸಹಿ, ಮೊಹರು ಹಾಕಿದ್ದೆ. ಇದರ ಜೊತೆ ಇಟ್ಟಿದ್ದೇನೆ. ತಾಜುನ್ನಿಸಾಳಿಗೆ ಮುಟ್ಟಬೇಕು. ನನಗೆ ಊರು ಬಿಡಲು ರಜೆ ಇಲ್ಲ. ಟಪಾಲಿನಲ್ಲಿ ಅವಳಿಗೆ ಕಳಿಸಲು ಮನಸ್ಸಾಗಲಿಲ್ಲ. ನಿನಗೆ ಕಳಿಸುತ್ತಿದ್ದೇನೆ. ಒಲೆಗೆ ಹಾಕಿದರೂ ನಾನು ಕೇಳುವುದಿಲ್ಲ.

ನಿನ್ನ ತಮ್ಮ
ರೇವಣಪ್ಪ

ಶಹಾಬಾದ
೩೦ ಡಿಸೆಂಬರ್ ೧೯೪೮

ಚಿ. ರೇವಣಪ್ಪನಿಗೆ ಆಶೀರ್ವಾದ.

ಒಲೆಗೆ ಹಾಕಲಿಲ್ಲ. ಅಷ್ಟಕ್ಕೇ ನನ್ನನ್ನು ದೊಡ್ಡವಳು ಎಂದುಕೊಳ್ಳಬೇಡ. ಎರಡು ದಿನ ಕುಪ್ಪಸದಲ್ಲಿಟ್ಟುಕೊಂಡು ಒಲೆಯ ಮುಂದೆ ಕುಳಿತಿದ್ದೆ.

ನಿನ್ನ ಮಾಮಾನಿಗೆ ಹೇಳಿಯೇ ಹೊರಟೆ. ಬಾಗಿಲಿಗೆ ಅಡ್ಡ ನಿಂತರು. "ಹೋದ್ರ ತಿರುಗಿ ಬರಬ್ಯಾಡ" ಎಂದರು. ಈ ಸಲ ಸರಿಸಿದೆ. ಅಷ್ಟೇನೂ ಭಾರ ಇರಲಿಲ್ಲ. ವಿಮಲಾಳೇ ಗಾಡಿ ಕಟ್ಟಿಸಿಕೊಟ್ಟಳು. ತಾಂಡೂರಿನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಬದಲಿಸಿ, ಸೋಮವಾರ ಇಲ್ಲಿ ಇಳಿದೆ.

ತಾಜುನ್ನಿಸಾ ನನ್ನನ್ನು ನೋಡಿ ಓಡಿ ಬಂದು ಕೈ ಹಿಡಿದಳು. ಗಣಿಯ ಮುನ್ಷಿಯನ್ನು ಕರೆಸಿ ಕಾಗದ ಓದಿಸಿದೆವು. ಗಂಡನ ಹೆಸರು ಬಂದ ಕಡೆ ಮತ್ತೊಮ್ಮೆ ಓದಿ ಎಂದಳು. ನಿನ್ನ ಹೆಸರು ಬಂದಾಗ ಕಣ್ಣು ಮುಚ್ಚಿಕೊಂಡಳು. ಮುನ್ಷಿ ಹೋದ ಮೇಲೆ ಬಳೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟಳು. ಇದ್ದತ್ ಲೆಕ್ಕ ಗಂಡ ಸತ್ತ ದಿನದಿಂದಂತೆ. ಅವಳಿಗೆ ತಿಳಿಯುವಷ್ಟರಲ್ಲಿ ಮೂರು ತಿಂಗಳು ಕಳೆದೇ ಹೋಗಿವೆ, ಉಳಿದದ್ದು ಒಂದು ತಿಂಗಳು. ಅಷ್ಟೂ ದಿನ ಅವಳು ಹೊರಗೆ ಬರುವಂತಿಲ್ಲ.

ಆಮೇಲೆ ಕೇಳಿದಳು: "ಅಕ್ಕಾ, ಅಂವ ಸುಮ್ಮ ನಿಂತಿರಾಂಗಿಲ್ಲ. ಎಲ್ಲ್ಯರ ಓಡಿರಬೇಕು. ಯಾರ ಮನಿಗಿ ಹೋಗಿದ್ದ?"

ನಿನ್ನ ಕಾಗದದಲ್ಲಿ ಅದು ಇರಲಿಲ್ಲ, ತಮ್ಮಾ. ನೀನು ಬರೆದಿದ್ದು ಬಾವಿಯ ಕತೆ. ಗೊತ್ತಿಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು. "ನಮ್ಮ ಮನಿಗೇ" ಅಂದೆ. ಅವಳು ನನ್ನ ಮುಖ ನೋಡಿದಳು. "ಬಾಗಲ ತಗದ್ರೇನು?" ಎಂದಳು. "ಇಲ್ಲ" ಅಂದೆ.

ಅವಳು ಎದ್ದು ಒಳಗೆ ಹೋಗಿ ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟಳು. ನಾನು ಹೊರಗೇ ಇದ್ದೇನೆ, ಇದನ್ನು ಬರೆಯುತ್ತಿರುವುದೂ ಅಲ್ಲಿಂದಲೇ. ಇವತ್ತಿಗೆ ಮೂರು ದಿನ. ಗಣಿಯ ಹೆಂಗಸರು ಅವಳಿಗೆ ಊಟ, ನೀರು ಕೊಡುತ್ತಾರೆ, ನನಗೂ ಒಂದು ತುತ್ತು ಹಾಕುತ್ತಾರೆ. ಬೆಳಿಗ್ಗೆ ದೂರದ ನಳದಿಂದ ನಾನೇ ನೀರು ತಂದು ಅವಳ ಗುಡಿಸಲ ಮುಂದೆ ಇಡುತ್ತೇನೆ. ಸಂಜೆ ನೋಡಿದರೆ ಕೊಡ ಇಟ್ಟ ಹಾಗೆಯೇ ತುಂಬಿರುತ್ತದೆ.

ನಿನ್ನ ಅಕ್ಕ
ಸೂಗಮ್ಮ